ಕಿವಿಗಿಟ್ಟ ಬತ್ತಿ

ಭಾನುವಾರ, ಮಾರ್ಚ್ ೯

ಪ್ರೀತಿಯ ಗುಬ್ಬಿಗೆ,

ಅಮ್ಮನ ಆಶೀರ್ವಾದಗಳು. ನೀನು ಕ್ಷೇಮವಾಗಿದ್ದೀಯ, ಅಳಿಯಂದಿರೂ ಕ್ಷೇಮವಾಗಿದ್ದಾರೆ ಅಂದುಕೊಂಡಿದ್ದೇನೆ. ಬರೆಯುವುದು ಬಹಳ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ ಕಂದ. ದಿನಾ ಎದ್ದ ಕೂಡಲೆ ಇವತ್ತು ಬರೆದೇ ಬಿಡಬೇಕು ಅಂದುಕೊಳ್ಳುತ್ತೇನೆ. ಪೆನ್ನು ಸಿಕ್ಕರೆ ಕಾಗದ ಇರುವುದಿಲ್ಲ, ಕಾಗದ ಸಿಕ್ಕರೆ ಮನಸ್ಸಿರುವುದಿಲ್ಲ, ಮೂರೂ ಒಟ್ಟಿಗೆ ಸಿಕ್ಕ ದಿನ ಏನು ಬರೆಯಬೇಕೆಂದು ತಿಳಿಯುವುದಿಲ್ಲ. ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಅರ್ಧ ಆಯಸ್ಸು ಕಂಡವರನ್ನೆಲ್ಲ ಮಾತಾಡಿಸಿದವಳಿಗೆ ಕಾಗದ ಬರೆಯುವ ಅಭ್ಯಾಸ ಎಲ್ಲಿಂದ ಬರಬೇಕು ಹೇಳು. ಅಕ್ಷರಗಳು ಕೋಳಿ ಕೆದರಿದ ಹಾಗಿವೆ. ಟೀಚರಮ್ಮ ಕೆಂಪು ಶಾಯಿ ಹಿಡಿದು ಓದಬೇಡ, ಸುಮ್ಮನೆ ಓದು.

ಇಲ್ಲಿ ಹೇಳಿಕೊಳ್ಳುವಂಥ ಸುದ್ದಿ ಏನಿಲ್ಲ. ನಮ್ಮ ಮೆಟ್ಟಿಲಿಗೆ ಬಣ್ಣ ಹೊಡೆಸಿದ್ದಾರೆ, ಆಸ್ಪತ್ರೆಯ ಗೋಡೆಯ ಅದೇ ಹಸಿರು ಬಣ್ಣ. ಕೆಲಸ ಮುಗಿಸಿ ಮನೆಗೆ ಬಂದರೂ ಬಂದ ಹಾಗಾಗುವುದಿಲ್ಲ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತಂತೆ. ಕೆಳಗಿನ ಮನೆಯಾಕೆ ಬಂದು ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತು ಏನೇನೋ ಅಂದಳು. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡು ನಾನೂ ಎರಡು ಮಾತು ಅಂದೆ. ಆಮೇಲೆ ಅವಳೇ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ನಲ್ಲಿ ತೋರಿಸಿದಳು. ರಾತ್ರಿಯೆಲ್ಲ ಟಪ್ ಟಪ್ ಅಂದು ಅವಳಿಗೆ ನಿದ್ದೆಯಿಲ್ಲ, ಅದರ ಪಕ್ಕದಲ್ಲೇ ನಿಂತು ಪಾತ್ರೆ ತೊಳೆಯುವವಳಿಗೆ ಗೊತ್ತೇ ಇಲ್ಲ.

ನನ್ನ ಕಿವಿ ಹೋಗಿದೆ ಗುಬ್ಬಿ. ಇದನ್ನು ಹೇಗೆ ಶುರು ಮಾಡುವುದು ಎಂದು ಎಷ್ಟು ಸಲ ಯೋಚಿಸಿದೆನೋ. ಹೀಗೇ ಶುರು ಮಾಡುತ್ತೇನೆ.

ಮೊದಮೊದಲು ಅದು ನಗುವ ವಿಷಯವಾಗಿತ್ತು. ಹೋದ ವರ್ಷ ಒಬ್ಬ ಅಜ್ಜ ಫೋನು ಮಾಡಿ ಮೂಳೆ ಡಾಕ್ಟರು ಬೇಕು ಅಂದಿದ್ದಾರೆ. ನನಗೆ ಮಕ್ಕಳ ಡಾಕ್ಟರು ಅಂತ ಕೇಳಿಸಿ ಅಲ್ಲಿಗೆ ಜೋಡಿಸಿಬಿಟ್ಟೆ. ಆ ನರ್ಸಮ್ಮ "ಮಗುಗೆ ಎಷ್ಟು ತಿಂಗಳು?" ಅಂದಿದ್ದಾಳೆ. ಅಜ್ಜ "ಎಪ್ಪತ್ತೆರಡು ವರ್ಷ ಕಣಮ್ಮ, ನೆಟ್ಟಗೆ ಕೂರಕ್ಕಾಗ್ತಿಲ್ಲ" ಅಂದರಂತೆ. ವಾರವೆಲ್ಲ ಆಸ್ಪತ್ರೆ ತುಂಬಾ ಅದೇ ಮಾತು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೆ ಅಂಥವು ಹೆಚ್ಚಾಗುತ್ತಾ ಬಂದವು. "ಇನ್ನೊಂದು ಸಲ ಹೇಳಿ, ಸ್ವಲ್ಪ ಜೋರಾಗಿ ಹೇಳಿ" ಅನ್ನುವುದೇ ನನ್ನ ಕೆಲಸವಾಯಿತು. ಒಂದು ದಿನ ಒಬ್ಬ ಗಂಡಸು ಯಾವುದೋ ವಾರ್ಡಿಗೆ ಜೋಡಿಸಿ ಎಂದು ಹೇಳುತ್ತಲೇ ಇದ್ದಾನೆ, ನಾನು ಇನ್ನೊಂದು ಸಲ ಅನ್ನುತ್ತಲೇ ಇದ್ದೇನೆ. ನಮ್ಮ ಮೇಲ್ವಿಚಾರಕಿ ಹಿಂದಿನಿಂದ ಬಂದು ನನ್ನ ತಲೆಯ ಮೇಲಿದ್ದ ಹೆಡ್‌ಫೋನನ್ನು ಮೆಲ್ಲಗೆ ತೆಗೆದು ತಾನೇ ಹಾಕಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು. ಮರುದಿನದಿಂದ ನನಗೆ ಬಟ್ಟೆಕೋಣೆಯ ಕೆಲಸ. ಒಗೆದು ಬಂದ ಹಾಸಿಗೆ ಬಟ್ಟೆ ಮಡಿಸುವುದು, ವಾರ್ಡು ವಾರ್ಡಿಗೆ ಕಟ್ಟಿಡುವುದು. ಬಟ್ಟೆ ಮಾತಾಡುವುದಿಲ್ಲ, ಅದೊಂದು ಅನುಕೂಲ.

ನಿಮ್ಮಪ್ಪ ಆಗ ಹೇಳಿದ್ದು ಒಂದೇ ಮಾತು. "ಗುಗ್ಗೆ ಕಟ್ಟಿರುತ್ತೆ, ಅಷ್ಟೇ. ಎಷ್ಟು ಜನರ ಕಿವಿ ನೋಡಿಲ್ಲ ನಾನು!" ಹೌದಲ್ಲ, ಕ್ಷೌರದಂಗಡಿಯಲ್ಲಿ ದಿನವಿಡೀ ಅವರ ಕಣ್ಣೆದುರಿಗೆ ಇರುವುದೇ ಜನರ ಕಿವಿ. ನನಗೂ ಆ ಮಾತು ಹಿಡಿಸಿತು. ಗುಗ್ಗೆ ಅಂದರೆ ಕೊಳೆ, ಕೊಳೆ ಅಂದಮೇಲೆ ತೆಗೆದರೆ ಹೋಗುತ್ತದೆ. ನಾನು ಕೂರುತ್ತಿದ್ದ ಜಾಗದ ಮೇಲಿನ ಮಹಡಿಯಲ್ಲೇ ಕಿವಿ ಡಾಕ್ಟರಿದ್ದಾರೆ, ಯಾಕೆ ಹೋಗಲಿಲ್ಲ ಅಂತ ನೀನು ಕೇಳುತ್ತೀಯ. ಹೆದರಿಕೆ ಕಣೇ. ಗುಗ್ಗೆ ಅಂದರೆ ಸರಿ. ಅದಲ್ಲ, ಬೇರೆ ಏನೋ ಅಂದುಬಿಟ್ಟರೆ?

ಅಂಗಡಿಗೆ ಪೌಡರು ಕ್ರೀಮು ತಂದುಕೊಡುತ್ತಾನಲ್ಲ, ಸದಾ ಹಲ್ಲು ಕಿರಿಯುತ್ತಿರುತ್ತಾನೆ, ನೀನು ಅವನಿಗೆ 'ನಗುಮುಖದ ಮಾವ' ಅಂತ ಹೆಸರಿಟ್ಟಿದ್ದೆ. ಅವನು ಒಂದು ಕಟ್ಟು ಕಿವಿಬತ್ತಿ ತಂದುಕೊಟ್ಟ. ಮೇಣದಲ್ಲಿ ಅದ್ದಿದ ಬಟ್ಟೆಯನ್ನು ಕೊಳವೆಯ ಹಾಗೆ ಸುತ್ತಿರುತ್ತಾರೆ. ಮೊಣಕೈಯುದ್ದ, ಒಂದು ತುದಿ ಸಣ್ಣ. ಪಕ್ಕಕ್ಕೆ ಮಲಗಿ ಸಣ್ಣ ತುದಿ ಕಿವಿಗಿಟ್ಟುಕೊಂಡು ಮೇಲಿನ ತುದಿಗೆ ಬೆಂಕಿ ಹಚ್ಚಬೇಕು. ಬಿಸಿಗೆ ಒಳಗಿನ ಗುಗ್ಗೆ ಕರಗುತ್ತದಂತೆ, ಒಲೆಯ ಹೊಗೆಗೂಡು ಹೊಗೆ ಎಳೆದ ಹಾಗೆ ಬತ್ತಿ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದಂತೆ. "ದೊಡ್ಡ ದೊಡ್ಡೋರು ಮಾಡಿಸ್ಕೊಳ್ತಾರೆ ಅತ್ಗೆ, ಡಾಕ್ಟ್ರುಗಳಿಗೆ ಇದು ಹೊಟ್ಟೆಕಿಚ್ಚು" ಅಂದ. ಮುಳುಗುವವರಿಗೆ ಹುಲ್ಲುಕಡ್ಡಿ ಸಿಕ್ಕರೆ ಸಾಕು, ಅದು ಯಾವ ಜಾತಿಯ ಹುಲ್ಲು ಅಂತ ಯಾರು ನೋಡುತ್ತಾರೆ.

ಅಂಗಡಿಗೆ ರಜೆಯಿದ್ದ ದಿನ ಮಧ್ಯಾಹ್ನ ನಿಮ್ಮಪ್ಪ ಹಾಸಿಗೆಯ ಮೇಲೆ ಟವೆಲ್ ಹಾಸಿದರು. ಕಾಗದದ ತಟ್ಟೆಗೆ ತೂತು ಮಾಡಿ ಬತ್ತಿಯನ್ನು ಅದರಲ್ಲಿ ತೂರಿಸಿದರು, ಬೂದಿ ಮುಖಕ್ಕೆ ಬೀಳಬಾರದೆಂದು. ನನ್ನ ಕೂದಲನ್ನು ಹಿಂದಕ್ಕೆ ಸರಿಸಿ, ಎರಡು ಬೆರಳಿನಿಂದ ಹಣೆಯನ್ನು ಒತ್ತಿ, "ಸ್ವಲ್ಪ ಆ ಕಡೆ… ಹಾಂ, ಸಾಕು" ಅಂದರು, ಗಿರಾಕಿಗೆ ಹೇಳುವ ಹಾಗೇ. ನನಗೆ ನಗು ಬಂತು. ಆದರೆ ಆ ಎರಡು ಬೆರಳು ಎಷ್ಟು ಹಗುರವಾಗಿದ್ದವು ಗೊತ್ತಾ? ಊರಿನವರ ತಲೆಗಳನ್ನೆಲ್ಲ ಹಿಡಿದ ಕೈ ಅದು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ತಲೆ ಹಾಗೆ ಆ ಕೈಗೆ ಸಿಕ್ಕಿದ್ದು ಅದೇ ಮೊದಲು. ನಮ್ಮಿಬ್ಬರದು ಅಂಥ ಸಂಸಾರವಲ್ಲ, ನಿನಗೆ ಗೊತ್ತಲ್ಲ. ಜಗಳವಿಲ್ಲ, ಮಾತೂ ಇಲ್ಲ, ಒಂದೇ ಬೆಂಚಿನಲ್ಲಿ ಬೇರೆ ಬೇರೆ ಬಸ್ಸಿಗೆ ಕಾಯುವವರ ಹಾಗೆ.

ಬತ್ತಿ ಉರಿಯುವಾಗ ಚಟಚಟ ಅನ್ನುವುದು ನನಗೆ ಕೇಳಿಸಿತು. ನಿಜವಾಗಿ ಕೇಳಿಸಿತು! ಕಿವಿಯೊಳಗೆ ಬೆಚ್ಚಗಾಯಿತು. ಅರ್ಧಕ್ಕಿಂತ ಹೆಚ್ಚು ಉರಿದ ಮೇಲೆ ತೆಗೆದು ನೀರಿಗೆ ಅದ್ದಿ, ಉಳಿದ ತುಂಡನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿದರು. ಒಳಗೆ ಹಳದಿ ಪುಡಿ, ನಡುವೆ ಕಂದು ಬಣ್ಣದ ಉಂಡೆಗಳು. "ನೋಡು, ನೋಡು! ಎಷ್ಟಿತ್ತು ನೋಡು!" ಅವರ ಮುಖ ನೀನು ನೋಡಬೇಕಿತ್ತು. ನೀನು ಮೊದಲ ಸಲ ಸೈಕಲ್ ತುಳಿದ ದಿನ ಹಾಗಾಗಿದ್ದರು. "ಈಗ ಕೇಳ್ತಿದೆಯಾ?" ಅಂದರು. "ಹೂಂ, ಹಗುರ ಅನ್ಸುತ್ತೆ" ಅಂದೆ. ಹಗುರ ಅನ್ನಿಸಿದ್ದು ಸುಳ್ಳಲ್ಲ.

ಆಮೇಲೆ ಪ್ರತಿ ರಜೆಯ ದಿನವೂ ಅದೇ. ಆ ಪುಡಿಯನ್ನೆಲ್ಲ ಒಂದು ಗಾಜಿನ ಬಾಟಲಿಗೆ ತುಂಬಿ ಅಂಗಡಿಯ ಕನ್ನಡಿಯ ಕೆಳಗಿಟ್ಟರು. ನನ್ನ ಕಿವಿಯ ಕೊಳೆ ಊರಿಗೆಲ್ಲ ಪ್ರದರ್ಶನ! "ಏನ್ರೀ ಇದು, ಮಾನ ಕಳೀತೀರಲ್ಲ" ಅಂದೆ. "ಇದರಲ್ಲಿ ಮಾನ ಎಲ್ಲಿಂದ ಬಂತು, ಕೊಳೆ ಹೋಯ್ತಲ್ಲ" ಅಂದರು. ಕೆಲವು ಗಿರಾಕಿಗಳು ಮಾಡಿಸಿಕೊಂಡರು, ಕಟ್ಟಿದ್ದ ಕಿವಿ ಬಿಟ್ಟಿತು ಅಂದರು. ಆ ದಿನಗಳಲ್ಲಿ ಅವರು ಮನೆಗೆ ಬಂದರೆ ಶಿಳ್ಳೆ ಹಾಕುತ್ತಿದ್ದರು. ತುಟಿ ನೋಡಿ ತಿಳಿಯುತ್ತಿತ್ತು.

ನನ್ನ ಕಿವಿ ಮಾತ್ರ ದಿನದಿಂದ ದಿನಕ್ಕೆ ಮಂದವಾಗುತ್ತಿತ್ತು. ಮೊದಲು ಬಲಗಿವಿ ಮಂಕಾಗಿತ್ತು, ಎಡಗಿವಿಯಿಂದ ಹೇಗೋ ಬಾಳು ಸಾಗುತ್ತಿತ್ತು. ಒಂದು ಬೆಳಿಗ್ಗೆ ಒಬ್ಬಳೇ ಇದ್ದಾಗ ನನಗೇನು ತೋಚಿತೋ, ಒಂದು ಕಿವಿಬತ್ತಿಯನ್ನು ಖಾಲಿ ಬಾಟಲಿಯ ಬಾಯಿಗೆ ಸಿಕ್ಕಿಸಿ ಬೆಂಕಿ ಹಚ್ಚಿದೆ. ಅಡುಗೆಮನೆಯ ಕಿಟಕಿ ತೆರೆದು ನೋಡುತ್ತಾ ನಿಂತೆ. ಉರಿದ ಮೇಲೆ ತುಂಡನ್ನು ಸೀಳಿದೆ. ಅದೇ ಹಳದಿ ಪುಡಿ. ಅದೇ ಕಂದು ಉಂಡೆ. ಅಷ್ಟೇ ಇತ್ತು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಬಾಟಲಿಗೆ ಗುಗ್ಗೆ ಎಲ್ಲಿಂದ ಬರಬೇಕು ಗುಬ್ಬಿ? ಅದು ಬತ್ತಿಯದೇ ಮೇಣ, ಬತ್ತಿಯದೇ ಬೂದಿ.

ನಿಮ್ಮಪ್ಪನಿಗೆ ಹೇಳಲಿಲ್ಲ. ಕಿವಿಬತ್ತಿಯ ವಾಸನೆ ಹೋಗಲೆಂದು ಕಾಫಿಬೀಜ ಹುರಿದೆ. ಅದರ ಮುಂದಿನ ರಜೆಯ ದಿನ ಅವರು ಟವೆಲ್ ಹಾಸಿದರು, ನಾನು ಹೋಗಿ ಮಲಗಿದೆ. ಎರಡು ಬೆರಳು ಹಣೆಯ ಮೇಲೆ ಬಂದವು. ಯಾಕೆ ಮಲಗಿದೆ ಅಂತ ಈಗ ಬರೆಯಲು ನಾಚಿಕೆ. ನೀನೂ ಮದುವೆಯಾದವಳು, ತಿಳಿದುಕೋ.

ಆಮೇಲೆ ನಡೆದದ್ದು ಇಷ್ಟು. ಬಲಗಿವಿ ಸರಿಹೋಗುತ್ತಿಲ್ಲವೆಂದು ಅವರಿಗೆ ಹಟ ಹತ್ತಿತು. "ಎರಡೂ ಕಿವಿಗೆ ಒಳಗೆ ದಾರಿ ಇರುತ್ತೆ, ಎಡಗಡೆಯಿಂದಲೂ ಎಳೆಯೋಣ" ಅಂದರು. ನಗುಮುಖದವನ ಹತ್ತಿರ ದಪ್ಪನೆಯ ಬತ್ತಿ ತರಿಸಿದರು. ನಾನು ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಬತ್ತಿ ಅರ್ಧ ಉರಿದಿರಬೇಕು, ಒಳಗೆ ಕಾದ ಸೂಜಿ ಚುಚ್ಚಿದ ಹಾಗಾಯಿತು. ಕರಗಿದ ಮೇಣ ಕೊಳವೆಯೊಳಗಿಂದ ನೆಟ್ಟಗೆ ಕಿವಿಗೆ ಇಳಿದಿತ್ತು. ನಾನು ಕಿರುಚಿದೆನಂತೆ. ಕೆಳಗಿನ ಮನೆಯವರೆಲ್ಲ ಓಡಿ ಬಂದರಂತೆ. ನನ್ನ ಕೂಗು ನನಗೇ ಕೇಳಲಿಲ್ಲ. ಬಾಗಿಲಲ್ಲಿ ಇಷ್ಟು ಮುಖಗಳು ಯಾಕೆ ಬಂದವು ಅಂತ ನೋಡುತ್ತಿದ್ದೆ.

ಕಿವಿ ಡಾಕ್ಟರು ನಿನ್ನ ವಯಸ್ಸಿನ ಹುಡುಗಿ. ಎಷ್ಟೋ ಸಲ ಅವರ ಕರೆಗಳನ್ನು ಜೋಡಿಸಿದ್ದೇನೆ, ಮುಖ ನೋಡಿದ್ದು ಆವತ್ತು. ಸಣ್ಣ ಚಿಮುಟದಿಂದ ಚೂರು ಚೂರಾಗಿ ಮೇಣ ತೆಗೆದು ಸ್ಟೀಲ್ ತಟ್ಟೆಗೆ ಹಾಕುತ್ತಾ ನಿಮ್ಮಪ್ಪನಿಗೆ ಏನೋ ಹೇಳಿದರು. ಇವರ ತಲೆ ತಗ್ಗುತ್ತಾ ಹೋಯಿತು. "ನನಗೂ ಹೇಳಿ, ಕಿವಿ ನನ್ನದು" ಅಂದೆ. ಆಕೆ ಚೀಟಿಯ ಮೇಲೆ ಬರೆದು ತೋರಿಸಿದರು: "ನಿಮ್ಮ ಕಿವಿಯಲ್ಲಿ ಗುಗ್ಗೆಯೇ ಇರಲಿಲ್ಲ. ಈಗ ಇರುವುದೆಲ್ಲ ಬತ್ತಿಯ ಮೇಣ."

ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಶಬ್ದ ಕೇಳಿಸಿದರೆ ಗುಂಡಿ ಒತ್ತಬೇಕು. ಕಾದೆ, ಕಾದೆ. ಹೊರಗೆ ನಿಮ್ಮಪ್ಪ ಗಾಜಿಗೆ ಮುಖ ಹಚ್ಚಿ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದರು. ಒಂದೆರಡು ಸಲ ಸುಮ್ಮನೆ ಒತ್ತಿದೆ, ಅವರ ಸಮಾಧಾನಕ್ಕೆ. ಡಾಕ್ಟರು ಬರೆದದ್ದು ಚಿಕ್ಕದಾಗಿತ್ತು. ಒಳಗಿನ ನರ ಬಹಳ ಕಾಲದಿಂದ ಒಣಗುತ್ತಾ ಬಂದಿದೆ, ಅದಕ್ಕೆ ಮದ್ದಿಲ್ಲ. ಬಲಗಿವಿಗೆ ಯಂತ್ರ ಹಾಕಿದರೆ ಗದ್ದಲ ಕೇಳಬಹುದು, ಮಾತು ಕೇಳಲಿಕ್ಕಿಲ್ಲ. ಎಡಗಿವಿಯ ಪೊರೆ ಸುಟ್ಟು ತೂತಾಗಿದೆ, ಕೀವು ನಿಂತ ಮೇಲೆ ನೋಡೋಣ. ಕೀವು ಇನ್ನೂ ನಿಂತಿಲ್ಲ. ಯಂತ್ರ ಹಾಕಿ ನೋಡಿದೆ. ತಗಡಿನ ಮೇಲೆ ಜಲ್ಲಿಕಲ್ಲು ಸುರಿದ ಹಾಗೆ. ಡಬ್ಬಿಯಲ್ಲಿಟ್ಟಿದ್ದೇನೆ.

ಆವತ್ತು ಮನೆಗೆ ಬಂದವರೇ ನಿಮ್ಮಪ್ಪ ಉಳಿದ ಬತ್ತಿಗಳನ್ನು ಮುರಿದು ಹಾಕಿದರು. ಅಂಗಡಿಯ ಬಾಟಲಿಯನ್ನು ಗಿರಾಕಿಗಳ ಎದುರಿಗೇ ಚರಂಡಿಗೆ ಎಸೆದರಂತೆ. ಮೂಲೆಯ ಚಹಾದಂಗಡಿಯವನು ಕೈಸನ್ನೆ ಮಾಡಿ ಹೇಳಿದ. ಅಷ್ಟಕ್ಕೆ ನಿಂತಿದ್ದರೆ ಆಗುತ್ತಿತ್ತು. ಅವರ ಕೈ ನಡುಗಲು ಶುರುವಾಯಿತು ಗುಬ್ಬಿ. ಕಿವಿಯ ಹತ್ತಿರ ಬಂದರೆ ನಡುಗುತ್ತದೆ. ಕ್ಷೌರಿಕನ ಕೈ ಕಿವಿಯ ಹತ್ತಿರ ಹೋಗದೆ ಇನ್ನೆಲ್ಲಿ ಹೋಗಬೇಕು? ಒಬ್ಬರಿಗೆ ಗಾಯವಾಯಿತು. ಈಗ ಕತ್ತಿ ಹಿಡಿಯುವುದಿಲ್ಲ, ಮೆಶಿನ್‌ನಲ್ಲಿ ಕೂದಲು ಕತ್ತರಿಸಿ ಕಳಿಸುತ್ತಾರೆ. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಎದುರಿನ ಹೊಸ ಅಂಗಡಿಗೆ ಹೋಗುತ್ತಿದ್ದಾರೆ. ಇವರು ಬಾಗಿಲಲ್ಲಿ ಕೂತು ನೋಡುತ್ತಾರೆ.

ಅವರ ಸಂಕಟ ನೋಡಲಾಗದೆ ಒಂದು ದಿನ ನಾನೇ ಬಾಯಿಬಿಟ್ಟೆ. ತಪ್ಪು ನಿಮ್ಮೊಬ್ಬರದೇ ಅಲ್ಲ, ನಾನು ಬಾಟಲಿಗೆ ಇಟ್ಟು ಸುಟ್ಟು ನೋಡಿದ್ದೆ, ಅದರಲ್ಲಿ ಏನೂ ಇಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು ಅಂದೆ. ಅವರ ಭಾರ ಅರ್ಧ ಇಳಿಯುತ್ತದೆ ಅಂದುಕೊಂಡೆ. ಅವರು ನನ್ನನ್ನೇ ನೋಡಿದರು. ತುಟಿ ಅಲ್ಲಾಡಿದ್ದು ನಿಧಾನವಾಗಿ, ನನಗೆ ಒಂದು ಅಕ್ಷರವೂ ತಪ್ಪಲಿಲ್ಲ. "ಗೊತ್ತಿದ್ದೂ ಯಾಕೆ ಮಲಗ್ತಿದ್ದೆ?"

ಏನು ಹೇಳಲಿ? ನಿಮ್ಮ ಕೈಗೋಸ್ಕರ ಅಂತ ಹೇಳಬೇಕಿತ್ತು. ನಾನು ಅವರನ್ನು ಆಟ ಆಡಿಸಿದೆ, ಮಗುವಿಗೆ ಮಾಡಿದ ಹಾಗೆ ಸುಳ್ಳು ಹೇಳಿ ನಗಿಸಿದೆ ಅಂತ ಅವರು ತಿಳಿದುಕೊಂಡಿದ್ದಾರೆ. ಅವತ್ತೇ ತಮ್ಮ ಹಾಸಿಗೆಯನ್ನು ನಿನ್ನ ಕೋಣೆಗೆ ಹಾಕಿಕೊಂಡರು. ಬೆಳಿಗ್ಗೆ ಚಹಾ ಮಾಡಿ ಮೇಜಿನ ಮೇಲಿಟ್ಟು ಹೊರಟುಬಿಡುತ್ತಾರೆ. ಚಹಾಕ್ಕೆ ಸಕ್ಕರೆ ಸರಿಯಾಗಿರುತ್ತದೆ. ಅಷ್ಟೇ ಈಗ ನಮ್ಮ ನಡುವೆ ಉಳಿದಿರುವ ಮಾತು.

ಇದು ಸರಿಹೋಗುತ್ತದೆ ಅಂತ ಬರೆದು ನಿನ್ನನ್ನು ಸಮಾಧಾನ ಮಾಡೋಣವೆಂದು ಪೆನ್ನು ಹಿಡಿದಿದ್ದೆ. ಬರೆಯಲು ಬರುತ್ತಿಲ್ಲ. ಬಟ್ಟೆಕೋಣೆಯ ಕೆಲಸವನ್ನೂ ಇನ್ನು ಮುಂದೆ ಹೊರಗಿನವರಿಗೆ ಕೊಡುತ್ತಾರಂತೆ. ಜೊತೆಗೆ ಮಡಿಸುವ ದಪ್ಪಕ್ಕ ಹೆಗಲು ತಟ್ಟಿ ಏನೇನೋ ಧೈರ್ಯ ಹೇಳುತ್ತಾಳೆ. ಅವಳ ಬಾಯಿಯಲ್ಲಿ ಸದಾ ಅಡಿಕೆ ಚೂರು, ತುಟಿಯ ಆಟದಿಂದ ಏನೂ ಗೊತ್ತಾಗುವುದಿಲ್ಲ. ಆದರೂ ಹೂಂ ಅನ್ನುತ್ತೇನೆ.

ನಿನ್ನ ಆರೋಗ್ಯ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ತಲೆ ಒದ್ದೆಯಿದ್ದಾಗ ಫ್ಯಾನಿನ ಕೆಳಗೆ ಕೂರಬೇಡ. ಯಾರು ಎಷ್ಟೇ ಚೆನ್ನಾಗಿ ನಕ್ಕು ಹೇಳಿದರೂ ಕಿವಿಗೆ ಏನನ್ನೂ ಹಾಕಿಸಿಕೊಳ್ಳಬೇಡ. ನಿನ್ನ ಶಾಲೆಯ ಮಕ್ಕಳ ಗಲಾಟೆಗೆ ತಲೆಚಿಟ್ಟು ಹಿಡಿಯುತ್ತದೆ ಅನ್ನುತ್ತಿದ್ದೆಯಲ್ಲ, ಬೈಯಬೇಡ ಪಾಪ, ಗಲಾಟೆ ಮಾಡಲಿ. ನೂರು ಕಾಲ ಸುಖವಾಗಿ ಬಾಳು ಕಂದ, ನನ್ನ ಆಯಸ್ಸೂ ನಿನಗಿರಲಿ.

ನಿನ್ನ,
ಅಮ್ಮ

ತಾ.ಕ.: ಕಾಗದ ಮಡಿಸಿ ಕವರಿಗೆ ಹಾಕಿ ಮತ್ತೆ ತೆಗೆದಿದ್ದೇನೆ. ಮರೆತು ಬಿಟ್ಟದ್ದಲ್ಲ ಇದು. ಇದನ್ನು ಕೇಳುವುದಕ್ಕೇ ಬರೆಯಲು ಕೂತವಳು, ಇಲ್ಲಿಯವರೆಗೂ ಸುತ್ತುಬಳಸಿ ಬಂದೆ.

ಕಿವಿ ಸುಟ್ಟ ಮೇಲೆ, ಪಟ್ಟಿ ಇನ್ನೂ ಬಿಚ್ಚಿರಲಿಲ್ಲ, ಒಂದು ಮಧ್ಯಾಹ್ನ ನೀನು ಮನೆಗೆ ಫೋನು ಮಾಡಿದೆ. ನಾನು ಮೇಜು ಒರೆಸುತ್ತಿದ್ದೆ, ಕೈಗೆ ಫೋನಿನ ಅದುರು ತಾಗಿ ಎತ್ತಿದೆ. ನೀನೇ ಅಂತ ತಿಳಿದದ್ದು, ಅಮ್ಮಾ ಅನ್ನುವಾಗ ನಿನ್ನ ದನಿ ಮೇಲಕ್ಕೆ ಹೋಗುತ್ತದಲ್ಲ, ಅದರಿಂದ. ಆಮೇಲೆ ನೀನು ಬಹಳ ಹೊತ್ತು ಮಾತಾಡಿದೆ, ಎಲ್ಲೂ ನಿಲ್ಲಿಸದೆ. ನನ್ನ ಬಲಗಿವಿಗೆ ಅದು ಪಕ್ಕದ ಮನೆಯಲ್ಲಿ ಕೊಡಕ್ಕೆ ನೀರು ತುಂಬಿದ ಹಾಗೆ. ಕೇಳಿಸುತ್ತಿಲ್ಲ ಅಂತ ಹೇಳಿದರೆ ನೀನು ಗಾಬರಿಯಾಗುತ್ತೀಯ ಅಂತ, ಹೂಂ, ಹೌದಾ, ಒಳ್ಳೇದು, ಒಳ್ಳೇದು ಅನ್ನುತ್ತಾ ಹೋದೆ. ನೀನು ಅಳುತ್ತಿದ್ದೆಯಾ, ನಗುತ್ತಿದ್ದೆಯಾ? ನನಗೀಗ ಎರಡೂ ಒಂದೇ ಥರ ಕೇಳಿಸುತ್ತವೆ.

ಕೊನೆಗೆ ನೀನು ಸುಮ್ಮನಾದೆ. ಆಮೇಲೆ ಅಂದ ಒಂದೇ ಒಂದು ಮಾತು ನನಗೆ ಸಿಕ್ಕಿತು. "ಬರ್ಲಾ ಅಮ್ಮಾ?"

ನಾನು ಫೋನಿಡುವ ಮೊದಲು ಎಲ್ಲರೂ ಹೇಳುವ ಬರ್ಲಾ ಅಂದುಕೊಂಡೆ. ಅದಕ್ಕೇ ನಗುತ್ತಾ ಹೇಳಿದೆ, "ಸರಿ ಸರಿ, ನೀನು ಅಲ್ಲೇ ಆರಾಮಾಗಿರು, ನಮ್ಮ ಯೋಚನೆ ಬಿಡು, ಅಳಿಯಂದ್ರನ್ನ ಕೇಳ್ದೆ ಅಂತ ಹೇಳು." ನೀನು ಇಟ್ಟುಬಿಟ್ಟೆ. ಅವತ್ತಿನಿಂದ ನಿನ್ನ ಫೋನಿಲ್ಲ. ನಿಮ್ಮಪ್ಪನ ಕೈಯಿಂದ ಮಾಡಿಸಿದರೆ ನಿಮ್ಮ ಮನೆಯ ನಂಬರೇ ಇಲ್ಲ ಅಂತ ಬರುತ್ತದಂತೆ. ಮನೆ ಬದಲಾಯಿಸಿದ್ದಾರೇನೋ ಅಂದರು. ಅವತ್ತು ನೀನು ಫೋನಿನಲ್ಲಿ ಏನು ಹೇಳಿದೆ ಅಂತ ನನ್ನನ್ನು ಕೇಳಿದರು. ಎಲ್ಲಾ ಚೆನ್ನಾಗಿದ್ದಾರೆ ಅಂದೆ. ಎಲ್ಲಿಗೆ ಬರೆಯುವುದೆಂದು ತಿಳಿಯದೆ ಇದನ್ನು ನಿನ್ನ ಶಾಲೆಗೆ ಹಾಕುತ್ತಿದ್ದೇನೆ. ನೀನು ಇನ್ನೂ ಅಲ್ಲಿದ್ದೀಯೋ ಇಲ್ಲವೋ.

ಗುಬ್ಬಿ, ಅದು ಯಾವ ಬರ್ಲಾ? ಹೊರಡುವ ಬರ್ಲಾನಾ, ಮನೆಗೆ ಬರುವ ಬರ್ಲಾನಾ? ಎರಡನೆಯದಾಗಿದ್ದರೆ, ಅದಕ್ಕೆ ಅಮ್ಮ ಕೊಟ್ಟ ಉತ್ತರ ಅದಲ್ಲ. ಅಮ್ಮನಿಗೆ ಪ್ರಶ್ನೆ ಕೇಳಿಸಲಿಲ್ಲ. ಬಾ.